ಕಾಮರ್ಸ್ ಹುಡುಗಿಗೆ ಕೋಡಿಂಗ್ ಬರಲ್ವಾ?

ಪ್ರಶ್ನೆ: ಮೇಡಂ, ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮೂರು ಶ್ರೀನಿವಾಸಪುರದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುನಲ್ಲಿ ಗಣಿತ ಇರಲಿಲ್ಲ. ಈ ಸೆಮಿಸ್ಟರ್‌ನಲ್ಲಿ ಐಚ್ಛಿಕ ವಿಷಯ ಅಂತ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ತಗೊಂಡೆ. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂರು ಜನ. ಬೋರ್ಡ್ ಮೇಲಿರುವ ಪ್ರೋಗ್ರಾಂ ಬರೆದುಕೊಳ್ಳುವಾಗ ಎಲ್ಲಾ ಅರ್ಥ ಆದ ಹಾಗೇ ಇರುತ್ತದೆ. ಮನೆಗೆ ಬಂದು ಖಾಲಿ ಹಾಳೆ ಮುಂದೆ ಕೂತರೆ ಒಂದು ಸಾಲೂ ಬರಲ್ಲ. ಇಂಟರ್ನಲ್ಸ್‌ಗೆ ಎಂಟು ಪ್ರೋಗ್ರಾಂ ಬಾಯಿಪಾಠ ಮಾಡಿದ್ದೆ, ಒಂಬತ್ತನೆಯದು ಬಂತು. ‘ಇದೆಲ್ಲಾ ಸೈನ್ಸ್‌ನವರಿಗೆ ಕಣೇ’ ಅಂತಾಳೆ ಗೆಳತಿ. ನನ್ನ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಫೋನ್ ಇದೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು 45,000 ರೂಪಾಯಿ ಕಟ್ಟಿದರೆ ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಅಂತಿದ್ದಾರೆ. ಅಪ್ಪ ಟೊಮೆಟೊ ಬೆಳೆಯುತ್ತಾರೆ. ಈ ಸಲ ರೇಟು ಸಿಕ್ಕರೆ ಕಟ್ಟೋಣ ಅಂದಿದ್ದಾರೆ. ಆದರೆ ಈಗ ಎಐ ತಾನೇ ಕೋಡ್ ಬರೆಯುತ್ತಂತಲ್ಲ? ನಾನು ಕಲಿಯಬೇಕಾ, ಬಿಟ್ಟುಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಆದರೆ ಅವೆಲ್ಲದರ ಕೆಳಗೆ ಇರುವ ಹೆದರಿಕೆ ಒಂದೇ. ‘ನನ್ನ ತಲೆಗೆ ಇದು ಹತ್ತಲ್ವೇನೋ’ ಅನ್ನೋದು. ಹದಿನೆಂಟು ವರ್ಷದಿಂದ ಇದೇ ಜಿಲ್ಲೆಯಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದೇನೆ. ಬಿ.ಕಾಂ., ಬಿ.ಎ., ಜೀವಶಾಸ್ತ್ರದ ಬಿ.ಎಸ್ಸಿ. ಮಕ್ಕಳು ಪ್ರತಿ ವರ್ಷ ಇದನ್ನೇ ಹೇಳುತ್ತಾರೆ. ನೀವು ಬರೆದಿರುವುದನ್ನು ನೋಡಿದರೆ ತೊಂದರೆ ತಲೆಯದಲ್ಲ. ಓದುವುದಕ್ಕೆ ಬರುವ ಮೊದಲೇ ನಿಮ್ಮನ್ನು ಬರೆಯುವುದಕ್ಕೆ ಕೂರಿಸಿದ್ದಾರೆ.

ಬೋರ್ಡ್ ನೋಡಿ ಬರೆದುಕೊಳ್ಳುವುದು ಬೇರೆ, ಓದುವುದು ಬೇರೆ. ಪ್ರೋಗ್ರಾಂ ಓದುವುದು ಎಂದರೆ ಕಂಪ್ಯೂಟರ್ ಇಲ್ಲದೆ, ಪೆನ್ನು ಹಿಡಿದು, ಈ ಸಾಲು ಆದ ಮೇಲೆ ಯಾವ ಹೆಸರಿನಲ್ಲಿ ಯಾವ ಸಂಖ್ಯೆ ಇದೆ ಎಂದು ಹೇಳುವುದು. ಅದನ್ನು ಯಾರೂ ಮಾಡಿಸುವುದಿಲ್ಲ. ಸಿಲಬಸ್ ಓಡುತ್ತಿರುತ್ತದೆ. ನಾನೂ ಹೀಗೇ ಕಲಿತವಳು. ನಮ್ಮ ಕಾಲದಲ್ಲಿ ಟರ್ಬೋ ಸಿ ಅಂತ ಪ್ರೋಗ್ರಾಂ ಬರೆಯುವ ನೀಲಿ ಪರದೆ ಇತ್ತು. ಫ್ಯಾಕ್ಟೋರಿಯಲ್, ಫಿಬೊನಾಚಿ ಎಂಬ ಮಾಮೂಲಿ ಲೆಕ್ಕದ ಪ್ರೋಗ್ರಾಂ ಎರಡನ್ನೂ ನಿದ್ದೆಗಣ್ಣಲ್ಲಿ ಬರೆಯುತ್ತಿದ್ದೆ. ಎರಡನೇ ವರ್ಷದಲ್ಲಿ ಪರೀಕ್ಷಕರು ‘ಈ ಸಾಲು ತೆಗೆದರೆ ಏನಾಗುತ್ತೆ?’ ಎಂದು ಕೇಳಿದಾಗ ಬಾಯಿ ಒಣಗಿಹೋಯಿತು.

ಈಗ ಗಣಿತದ ಮಾತು. ಆಟದ ಗ್ರಾಫಿಕ್ಸ್, ಮಷೀನ್ ಲರ್ನಿಂಗ್ ಇಂಥ ಕಡೆ ಹೋದರೆ ಗಣಿತ ಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಶುರುವಿನ ಪಾಠಕ್ಕೆ ಕೂಡುವುದು, ಕಳೆಯುವುದು, ಶೇಕಡಾ, ‘ಇದಕ್ಕಿಂತ ಅದು ದೊಡ್ಡದಾ?’ ಎಂದು ಹೋಲಿಸುವುದು, ಇಷ್ಟು ಸಾಕು. 2020ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಹೊಸದಾಗಿ ಪೈಥಾನ್ ಕಲಿಯುವವರನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಯಾರು ಬೇಗ ಕಲಿಯುತ್ತಾರೆ ಎಂದು ನೋಡಿದರೆ, ಲೆಕ್ಕದ ಚುರುಕಿಗಿಂತ ಹೊಸ ಭಾಷೆ ಹಿಡಿಯುವ ಚುರುಕೇ ಜಾಸ್ತಿ ಮುಖ್ಯ ಎಂದು ಕಂಡಿತು. ಚಿಕ್ಕ ಗುಂಪಿನ ಅಧ್ಯಯನ, ಅದೊಂದನ್ನೇ ಹಿಡಿದು ಕೂರಬೇಕಿಲ್ಲ. ಆದರೆ ನನ್ನ ಕ್ಲಾಸಿನಲ್ಲಿ ನಾನು ಕಂಡದ್ದೂ ಹೆಚ್ಚುಕಡಿಮೆ ಅದೇ. ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಅಂತ ದಿನಕ್ಕೆ ಮೂರು ಭಾಷೆಯಲ್ಲಿ ಓಡಾಡುತ್ತೀರಿ. ಅದನ್ನು ಯಾರೂ ಜಾಣತನ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ?

ಇಂಗ್ಲಿಷ್ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ‘ಕನ್ನಡ ಮೀಡಿಯಂ’ ಎಂದು ಬರೆದಿದ್ದೀರಲ್ಲ, ಅದರಿಂದಲೇ ಗೊತ್ತಾಗುತ್ತದೆ. ಪೈಥಾನ್‌ನಲ್ಲಿ ಕಾದಿಟ್ಟ, ಅಂದರೆ ನಾವು ಹೆಸರಾಗಿ ಇಡಬಾರದ, ಇಂಗ್ಲಿಷ್ ಪದಗಳು 35 ಮಾತ್ರ. ಇಫ್, ಎಲ್ಸ್, ಫಾರ್, ವೈಲ್ ಇಂಥವು. ಶುರುವಿಗೆ ಹತ್ತು ಹನ್ನೆರಡು ಗೊತ್ತಿದ್ದರೆ ಸಾಕು. ಲೆಕ್ಕಕ್ಕೆ ನೀವು ಇಡುವ ಹೆಸರುಗಳು ನಿಮ್ಮಿಷ್ಟ. ಪೈಥಾನ್‌ನ ಮೂರನೇ ಆವೃತ್ತಿ 2008ರಲ್ಲಿ ಬಂತು. ಅದರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ನಂಬಿಕೆ ಬರದಿದ್ದರೆ ಫೋನಿನಲ್ಲಿ ಗೂಗಲ್ ಕೊಲ್ಯಾಬ್ (ಬ್ರೌಸರಿನಲ್ಲೇ ಪೈಥಾನ್ ಓಡಿಸುವ ತಾಣ) ತೆರೆದು ಈ ಐದು ಸಾಲನ್ನು ಹೀಗೇ ಟೈಪ್ ಮಾಡಿ ಓಡಿಸಿ:

ಬೆಲೆ = 300
ಬಾಕ್ಸ್ = 40
ಬಾಡಿಗೆ = 25
ಕೈಗೆ = ಬೆಲೆ * ಬಾಕ್ಸ್ - ಬಾಡಿಗೆ * ಬಾಕ್ಸ್
ಕೈಗೆ

11000 ಎಂದು ಬರುತ್ತದೆ. ಇದು ಪೂರ್ತಿ ಕನ್ನಡದಲ್ಲಿರುವ, ನಿಜವಾಗಿ ಓಡುವ ಪ್ರೋಗ್ರಾಂ. ಮಂಡಿಗೆ 40 ಬಾಕ್ಸ್ ಹಾಕಿದ ಅಪ್ಪನ ಲೆಕ್ಕ: ಒಂದು ಬಾಕ್ಸಿಗೆ ಬೆಲೆ 300, ಗಾಡಿ ಬಾಡಿಗೆ 25. ನಕ್ಷತ್ರ ಚಿಹ್ನೆ ಎಂದರೆ ಗುಣಿಸು. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕೆಲವು ಪದಗಳನ್ನು ಟೈಪ್ ಮಾಡುವಾಗ ಕನ್ನಡ ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿಬಿಡುತ್ತದೆ, ಆಗ ಎರರ್ ಬರುತ್ತದೆ. ಅಂಥ ಪದ ಬಿಟ್ಟು ಸುಲಭದ ಪದ ಇಟ್ಟುಕೊಳ್ಳಿ. ಮುಂದೆ ಕೆಲಸದ ಜಾಗದಲ್ಲಿ ಎಲ್ಲರೂ ಇಂಗ್ಲಿಷ್ ಹೆಸರೇ ಇಡುತ್ತಾರೆ, ನೀವೂ ಇಡಬೇಕು. ಮೊದಲ ತಿಂಗಳು ಮಾತ್ರ ಕನ್ನಡದಲ್ಲೇ ಇಡಿ ಎಂದು ನಾನು ಹೇಳುತ್ತೇನೆ. ಯಾವ ಪದ ಪೈಥಾನ್‌ನದು, ಯಾವುದು ನಾವಿಟ್ಟದ್ದು ಎಂಬ ಗೊಂದಲ ಇದರಿಂದ ಹೋಗುತ್ತದೆ. ಪುಸ್ತಕದ ಪ್ರೋಗ್ರಾಂನಲ್ಲಿ ಎಲ್ಲಾ ಇಂಗ್ಲಿಷೇ ಇರುವುದರಿಂದ ಈ ಎರಡನ್ನು ಬೇರೆ ಮಾಡಿ ನೋಡಲು ಹೊಸಬರಿಗೆ ಆಗುವುದಿಲ್ಲ.

ಈಗ ಆ ಐದು ಸಾಲಿನ ಕೆಳಗೆ ಇನ್ನೆರಡು ಸೇರಿಸಿ. ಆದರೆ ಓಡಿಸಬೇಡಿ.

ಬೆಲೆ = 350
ಕೈಗೆ

ಈಗ ಏನು ಬರುತ್ತದೆ? ಮೊದಲು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಓಡಿಸಿ.

ನನ್ನ ಕ್ಲಾಸಿನಲ್ಲಿ ಕಾಮರ್ಸ್ ಮಕ್ಕಳು ತುಂಬಾ ಜನ 13000 ಎನ್ನುತ್ತಾರೆ. ಬರುವುದು ಅದೇ 11000. ಯಾಕೆ ಗೊತ್ತಾ? ನಿಮಗೆ ಎಕ್ಸೆಲ್ ಅಭ್ಯಾಸ. ಎಕ್ಸೆಲ್‌ನಲ್ಲಿ ಒಂದು ಮನೆಯ (ಸೆಲ್ ಅಂತಾರಲ್ಲ, ಅದರ) ಸಂಖ್ಯೆ ಬದಲಿಸಿದರೆ ಅದನ್ನು ನಂಬಿಕೊಂಡಿರುವ ಮನೆಗಳೆಲ್ಲಾ ತಾವೇ ಬದಲಾಗುತ್ತವೆ. ಪೈಥಾನ್ ಹಾಗಲ್ಲ. ಅದು ಮೇಲಿಂದ ಕೆಳಗೆ, ಒಂದೊಂದೇ ಸಾಲು ಮಾಡಿ ಮುಂದೆ ಹೋಗುತ್ತದೆ. ನಾಲ್ಕನೇ ಸಾಲು ಮಾಡುವಾಗ ಬೆಲೆ 300 ಇತ್ತು. ಗುಣಿಸಿತು, ಕಳೆಯಿತು, ಉತ್ತರವನ್ನು ‘ಕೈಗೆ’ ಹೆಸರಿನಲ್ಲಿ ಇಟ್ಟಿತು, ಮುಗಿಯಿತು. ಆ ಉತ್ತರ ಎಲ್ಲಿಂದ ಬಂತು ಎಂಬುದು ಅದಕ್ಕೆ ನೆನಪಿಲ್ಲ. ಮಂಡಿಯಲ್ಲಿ ಬೆಳಿಗ್ಗೆ ನಿಮ್ಮ ಮಾಲು 300ಕ್ಕೆ ಹೋಯಿತು, ಚೀಟಿ ಕೈಗೆ ಬಂತು. ಆಮೇಲೆ ರೇಟು 350 ಆಯಿತು ಎಂದರೆ ಆ ಚೀಟಿಯ ಮೊತ್ತ ಬದಲಾಗುತ್ತದಾ? 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದ್ದು ನಿಮಗೂ ನೆನಪಿರಬೇಕು. ಅದಕ್ಕೆ ಮೊದಲೇ ಮಾರಿದವರು ಹೊಟ್ಟೆ ಉರಿದುಕೊಂಡರು, ಚೀಟಿ ಹಾಗೇ ಇತ್ತು.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ:

ಬಾಕಿ = ಬಾಕಿ + 500

ಗಣಿತ ಓದಿದ ಸೈನ್ಸ್ ಮಕ್ಕಳು ಇದನ್ನು ನೋಡಿ ನಿಮಗಿಂತ ಜಾಸ್ತಿ ಒದ್ದಾಡುತ್ತಾರೆ. ಅವರಿಗೆ ಇದು ಸಮೀಕರಣದಂತೆ ಕಾಣುತ್ತದೆ. ಎರಡೂ ಕಡೆ ಸಮ ಹೇಗಾಗುತ್ತೆ, ತಪ್ಪಲ್ವಾ ಎಂದು ಕೇಳುತ್ತಾರೆ. ಇಲ್ಲಿ ಆ ಚಿಹ್ನೆಗೆ ‘ಸಮ’ ಎಂಬ ಅರ್ಥವೇ ಇಲ್ಲ. ‘ಬಲಗಡೆಯ ಲೆಕ್ಕ ಮಾಡಿ ಎಡಗಡೆಯ ಹೆಸರಿಗೆ ಹಾಕು’ ಎಂಬ ಅರ್ಥ. ಬ್ಯಾಂಕ್ ಪಾಸ್‌ಬುಕ್ ನೋಡಿದ್ದೀರಲ್ಲ? ಹಳೇ ಬಾಕಿಗೆ 500 ಸೇರಿ ಹೊಸ ಬಾಕಿ. ಅಷ್ಟೇ ಇದು. ಖಾತೆ ಬರೆಯುವುದನ್ನು ಕಲಿತ ನಿಮಗೆ ಇದನ್ನು ನಾನು ಎರಡು ನಿಮಿಷಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಇದು ಅರ್ಥ ಆದರೆ ಲೂಪ್ ಅರ್ಧ ಅರ್ಥ ಆದ ಹಾಗೆ. ಲೂಪ್ ಎಂದರೆ ಇದೇ ಸಾಲನ್ನು ಮತ್ತೆ ಮತ್ತೆ ಮಾಡಿಸುವುದು. ಪ್ರತಿ ಸುತ್ತಿಗೂ ನೋಟ್‌ಬುಕ್ಕಿನಲ್ಲಿ ಪಾಸ್‌ಬುಕ್ ಥರ ಒಂದು ಸಾಲು ಬರೆದುಕೊಳ್ಳಿ. ಒಂದು ಸುತ್ತು, ಒಂದು ಎಂಟ್ರಿ. ಹೀಗೆ ಇಪ್ಪತ್ತು ಪ್ರೋಗ್ರಾಂ ಕೈಯಲ್ಲಿ ‘ಓಡಿಸಿದ’ ಮೇಲೆ ಖಾಲಿ ಹಾಳೆ ನಿಮ್ಮನ್ನು ಅಷ್ಟು ಹೆದರಿಸುವುದಿಲ್ಲ. ಇದು ನಾನು ಪ್ರತಿ ಬ್ಯಾಚಿನಲ್ಲಿ ಕಂಡಿರುವುದು.

ಎರರ್ ಬಗ್ಗೆಯೂ ಒಂದಿಷ್ಟು. ಕೆಂಪು ಅಕ್ಷರ ಕಂಡ ಕೂಡಲೇ ಮಕ್ಕಳು ಪೂರ್ತಿ ಅಳಿಸಿ ಮತ್ತೆ ಟೈಪ್ ಮಾಡುತ್ತಾರೆ. ಬೇಡ. ಪೈಥಾನ್ ಎರರ್ ಅನ್ನು ಕೆಳಗಿಂದ ಓದಬೇಕು. ಕೊನೆಯ ಸಾಲಿನಲ್ಲಿ ಏನು ತೊಂದರೆ ಎಂದಿರುತ್ತದೆ, ಅದರ ಮೇಲೆ ಎಷ್ಟನೇ ಸಾಲು ಎಂದಿರುತ್ತದೆ. ‘ನೇಮ್ ಎರರ್’ ಎಂದರೆ ನೀವು ಬರೆದ ಹೆಸರು ಅದಕ್ಕೆ ಗೊತ್ತಿಲ್ಲ, ಹೆಚ್ಚಾಗಿ ಕಾಗುಣಿತ ತಪ್ಪಿರುತ್ತದೆ. ‘ಇಂಡೆಂಟೇಷನ್ ಎರರ್’ ಎಂದರೆ ಸಾಲಿನ ಮುಂದಿನ ಖಾಲಿ ಜಾಗ ಹೆಚ್ಚುಕಡಿಮೆ ಆಗಿದೆ. ನೋಟ್ಸ್ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಬಾಗಿದ ಕೋಟ್ ಚಿಹ್ನೆ ಬಂದು ಕೂರುತ್ತದೆ, ಪೈಥಾನ್‌ಗೆ ನೇರ ಕೋಟೇ ಬೇಕು. ಇದೊಂದರಿಂದ ನನ್ನ ಮಕ್ಕಳು ಕಳೆದುಕೊಂಡ ಗಂಟೆಗಳನ್ನು ಕೂಡಿದರೆ ಒಂದು ಸೆಮಿಸ್ಟರ್ ಆದೀತು.

ಎರರ್ ಬಂದರೆ ಒಳ್ಳೆಯದು ಅನ್ನುವವಳು ನಾನು. ಎರರ್ ಬರದೆ ತಪ್ಪು ಉತ್ತರ ಬರುವುದೇ ಅಪಾಯ. ಬೆಳಿಗ್ಗೆ 40 ಬಾಕ್ಸ್, ಸಂಜೆ 35 ಬಾಕ್ಸ್. ಎರಡನ್ನೂ ‘ಇನ್‌ಪುಟ್’ ಮೂಲಕ ಕೇಳಿ ಕೂಡಿದರೆ ಪೈಥಾನ್ 4035 ಎನ್ನುತ್ತದೆ! ಯಾಕೆಂದರೆ ಕೀಬೋರ್ಡಿನಿಂದ ಬಂದದ್ದನ್ನೆಲ್ಲಾ ಅದು ಮೊದಲು ಬರೀ ಅಕ್ಷರ ಎಂದೇ ನೋಡುತ್ತದೆ. ಅಕ್ಷರದ ಪಕ್ಕ ಅಕ್ಷರ ಜೋಡಿಸಿತು, ಅಷ್ಟೇ. ‘ಇಂಟ್’ ಎಂಬುದರೊಳಗೆ ಹಾಕಿ ಸಂಖ್ಯೆಯಾಗಿ ಬದಲಿಸಿದರೆ 75 ಬರುತ್ತದೆ. ಒಂದು ಮಜಾ ಹೇಳಲಾ? ಆ ಇಂಟ್‌ಗೆ ನೀವು ಕನ್ನಡ ಅಂಕಿಯಲ್ಲಿ ೪೦ ಎಂದು ಟೈಪ್ ಮಾಡಿ ಕೊಟ್ಟರೂ ಅದು ನಲವತ್ತು ಎಂದೇ ತಿಳಿದುಕೊಳ್ಳುತ್ತದೆ. ಕ್ಲಾಸಿನಲ್ಲಿ ತೋರಿಸಿದರೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

ಎಐ ಪ್ರಶ್ನೆಗೆ ಬರುತ್ತೇನೆ. ಹೌದು, ಬರೆಯುತ್ತದೆ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂದ ಮೇಲೆ ನಾನು ಮನೆಗೆಲಸಕ್ಕೆ ಪ್ರೋಗ್ರಾಂ ಕೊಡುವುದನ್ನೇ ನಿಲ್ಲಿಸಿದೆ. ನಿಮ್ಮ ಸಿಲಬಸ್ಸಿನ ಎಲ್ಲಾ ಪ್ರೋಗ್ರಾಂಗಳನ್ನೂ ಅದು ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಹಾಗಾದರೆ ನೀವು ಯಾಕೆ ಬೇಕು? ಹೋದ ವರ್ಷದ ಒಂದು ಸಂಗತಿ ಹೇಳುತ್ತೇನೆ. ಒಬ್ಬ ಹುಡುಗ ಬಡ್ಡಿ ಲೆಕ್ಕದ ಪ್ರೋಗ್ರಾಂ ತಂದ. ಎಐ ಬರೆದದ್ದು, ಚೆನ್ನಾಗಿ ಓಡುತ್ತಿತ್ತು. 10,000 ರೂಪಾಯಿಗೆ 12 ಪರ್ಸೆಂಟಿನಂತೆ ಎರಡು ವರ್ಷಕ್ಕೆ 2,544 ರೂಪಾಯಿ ಬಡ್ಡಿ ತೋರಿಸಿತು. ಪಕ್ಕದಲ್ಲಿದ್ದ ಬಿ.ಕಾಂ. ಹುಡುಗಿ ‘ಪ್ರಶ್ನೆಯಲ್ಲಿ ಸರಳ ಬಡ್ಡಿ ಅಂತ ಅಲ್ವಾ ಕೇಳಿದ್ದು? 2,400 ಬರಬೇಕು’ ಎಂದಳು. ಅದು ಚಕ್ರಬಡ್ಡಿ ಹಾಕಿತ್ತು. ಹುಡುಗ ಎಐ ಹತ್ತಿರ ಬರೀ ‘ಬಡ್ಡಿ’ ಎಂದು ಕೇಳಿದ್ದ. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ, 144 ರೂಪಾಯಿ ತಪ್ಪು. ಹಿಡಿದವಳು ಕಾಮರ್ಸ್ ಹುಡುಗಿ.

ಅದಕ್ಕೇ ಹೇಳುತ್ತೇನೆ, ಎಐ ಇದ್ದರೂ ಓದುವುದಕ್ಕೆ ಬರಲೇಬೇಕು. ಓದಲು ಬಾರದವರ ಕೈಯಲ್ಲಿ ಅದು, ಗೊತ್ತಿಲ್ಲದ ಭಾಷೆಯ ಪತ್ರಕ್ಕೆ ಸಹಿ ಹಾಕಿದಂತೆ. ಕಲಿಯುವಾಗ ಅದನ್ನು ಮುಟ್ಟಲೇಬೇಡಿ ಎನ್ನುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಮುಚ್ಚಿಡಿ. ಆಮೇಲೆ ‘ಈ ಎರರ್‌ನ ಅರ್ಥ ಏನು, ಕನ್ನಡದಲ್ಲಿ ಹೇಳು, ಕೋಡ್ ಬರೆದುಕೊಡಬೇಡ’ ಎಂದು ಕೇಳಿ. ಹಾಗೆ ಕೇಳಿದರೆ ಅದು ಒಳ್ಳೆಯ ಮೇಷ್ಟ್ರು. ಬರೆದುಕೊಡು ಎಂದರೆ ನಿಮ್ಮ ಬದಲು ಅದೇ ಪರೀಕ್ಷೆ ಬರೆದ ಹಾಗೆ.

ಇನ್ನು ದಾರಿಗಳು. ಮೊದಲನೆಯದು, ಈ ಸೆಮಿಸ್ಟರ್ ಹೇಗೋ ಪಾಸಾಗಿ ಕೈ ತೊಳೆದುಕೊಳ್ಳುವುದು. ಅದೇನು ಪಾಪವಲ್ಲ. ಸಿ.ಎ. ಅಥವಾ ಬ್ಯಾಂಕ್ ಪರೀಕ್ಷೆ ನಿಮ್ಮ ಗುರಿಯಾಗಿದ್ದರೆ ಸಮಯ ಅಲ್ಲಿಗೆ ಹಾಕಿ.

ಎರಡನೆಯದು, ಎಕ್ಸೆಲ್ ಅನ್ನು ಗಟ್ಟಿಯಾಗಿ ಕಲಿಯುವುದು. ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸೈನ್ಸ್‌ನವರು ಮೂಗು ಮುರಿಯಬಹುದು, ಆದರೆ ಎಕ್ಸೆಲ್‌ನ ಇಫ್ ಸೂತ್ರ ಬರೆಯುವವರು ಆಗಲೇ ಪ್ರೋಗ್ರಾಂ ಬರೆಯುತ್ತಿದ್ದಾರೆ. ವಿಲುಕಪ್ (ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ಸೂತ್ರ), ಪಿವಟ್ ಟೇಬಲ್ (ದೊಡ್ಡ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವುದು) ಗೊತ್ತಿರುವ ಬಿ.ಕಾಂ. ಪದವೀಧರರಿಗೆ ಕೋಲಾರದಲ್ಲೇ, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಅಕೌಂಟ್ಸ್ ವಿಭಾಗಗಳಲ್ಲೇ ಉಪಯೋಗ ಇದೆ. ಜೊತೆಗೆ ಲೆಕ್ಕಪತ್ರ ಬರೆಯುವ ಟ್ಯಾಲಿ. ಇದರ ತೊಂದರೆ ಏನೆಂದರೆ, ಇದನ್ನು ಕಲಿತವರು ಬೇಕಾದಷ್ಟು ಜನ ಇದ್ದಾರೆ. ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತದೆ ನಿಜ, ಆದರೆ ಲಕ್ಷಗಟ್ಟಲೆ ಸಾಲಿಗೆ ಸೂತ್ರ ಹಾಕಿದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ನೂರು ಫೈಲುಗಳನ್ನು ತಿಂಗಳು ತಿಂಗಳೂ ಒಂದೇ ಥರ ಸರಿಮಾಡುವ ಕೆಲಸ ಬಂದಾಗ ಪೈಥಾನ್ ಬೇಕೆನಿಸುತ್ತದೆ. ಆಗ ಕಲಿತರೆ ಯಾಕೆ ಕಲಿಯುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ.

ಮೂರನೆಯದು, ಫೋನಿನಲ್ಲೇ ಪೈಥಾನ್. ಕೊಲ್ಯಾಬ್‌ಗೆ ಜಿಮೇಲ್ ಮತ್ತು ನೆಟ್ ಇದ್ದರೆ ಸಾಕು. ನೆಟ್ ಇಲ್ಲದ ಊರಿಗೆ ಪೈಡ್ರಾಯ್ಡ್ ಎಂಬ ಆ್ಯಪ್ ಇದೆ. ಕಷ್ಟ ಇರುವುದು ಬೆರಳಿಗೆ. ಬ್ರಾಕೆಟ್, ಕೋಲನ್ ಹುಡುಕಿ ಒತ್ತುವುದರಲ್ಲಿ ತಾಳ್ಮೆ ಹೋಗುತ್ತದೆ, ಮೂವತ್ತು ಸಾಲು ದಾಟಿದ ಮೇಲೆ ಪರದೆ ಸಾಲದು. ಫೋನಿಗೆ ಚುಚ್ಚುವ ಒಂದು ಕೇಬಲ್, ಒಂದು ಹಳೇ ಯುಎಸ್‌ಬಿ ಕೀಬೋರ್ಡ್ ಹಾಕಿಕೊಳ್ಳಿ, ಎಷ್ಟೋ ಹಗುರವಾಗುತ್ತದೆ. ಪಾಠಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ, ಅದರಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸುಗಳನ್ನು ಉಚಿತವಾಗಿ ಓದಬಹುದು, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಮೂರು ತಿಂಗಳು ಕೂತರೆ ಸಣ್ಣಪುಟ್ಟ ಉಪಯೋಗದ ಪ್ರೋಗ್ರಾಂ ನೀವೇ ಬರೆಯುತ್ತೀರಿ. ಭಾನುವಾರ ಒಂದೇ ದಿನ ಐದು ಗಂಟೆ ಕೂತರೆ ಅಷ್ಟು ಬರುವುದಿಲ್ಲ. ಇಲ್ಲಿರುವ ಅಪಾಯ ಒಂದೇ, ಕೇಳುವವರು ಯಾರೂ ಇಲ್ಲದೆ ಮೂರನೇ ವಾರಕ್ಕೆ ಬಿಟ್ಟುಬಿಡುವುದು. ಲ್ಯಾಬಿನ ಆ ಇನ್ನಿಬ್ಬರನ್ನೂ ಜೊತೆಗೆ ಎಳೆದುಕೊಳ್ಳಿ. ಅಲ್ಲಿಯೂ ಸರದಿ ಮಾಡಿ: ಒಬ್ಬರು ಟೈಪ್ ಮಾಡಿದರೆ, ಇನ್ನೊಬ್ಬರು ಮುಂದಿನ ಸಾಲು ಹೇಳಬೇಕು, ಮೂರನೆಯವರು ಪುಸ್ತಕದಲ್ಲಿ ಸಂಖ್ಯೆ ಬರೆದುಕೊಳ್ಳಬೇಕು.

ಎಂ.ಸಿ.ಎ. (ಕಂಪ್ಯೂಟರ್ ಸ್ನಾತಕೋತ್ತರ ಪದವಿ) ಸೇರುವ ಯೋಚನೆ ಮುಂದೆ ಬಂದರೆ, ಕೆಲವು ಕಡೆ ಗಣಿತ ಓದಿರಬೇಕೆಂಬ ಷರತ್ತು ಇರಬಹುದು. ಈಗಲೇ ಅರ್ಹತೆಯ ಪಟ್ಟಿ ತೆಗೆದು ಓದಿ, ಡಿಗ್ರಿ ಮುಗಿದ ಮೇಲೆ ಅಲ್ಲ.

ಉಳಿದದ್ದು ಆ 45,000. ಇನ್‌ಸ್ಟಿಟ್ಯೂಟುಗಳೆಲ್ಲಾ ಮೋಸ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿ ಹೇಳಿಕೊಡುವವರನ್ನು ನೋಡಿದ್ದೇನೆ. ಆದರೆ ‘ಕೆಲಸ ಗ್ಯಾರಂಟಿ’ ಎಂಬ ಮಾತನ್ನು ಯಾರು ಹೇಳಿದರೂ ನನಗೆ ಅನುಮಾನ ಬರುತ್ತದೆ. ಕೆಲಸ ಕೊಡುವುದು ಕಂಪನಿ, ಪಾಠ ಹೇಳುವವರಲ್ಲ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಹೀಗೇ ಒಂದು ಕಡೆ ಕಂತಿನಲ್ಲಿ ಕಟ್ಟಲು ಒಪ್ಪಿದ. ಅದು ಫೀಸಿನ ಕಂತಲ್ಲ, ತನ್ನ ಹೆಸರಿನಲ್ಲಿ ತೆಗೆದ ಸಾಲದ ಕಂತು ಎಂದು ಗೊತ್ತಾದದ್ದು ಎರಡು ತಿಂಗಳ ಮೇಲೆ. ಕ್ಲಾಸ್ ಬಿಟ್ಟರೂ ಕಂತು ಬಿಡಲಿಲ್ಲ. ಹೋಗಿ ವಿಚಾರಿಸುವುದಾದರೆ ನಾಲ್ಕು ಮಾತು ಬರವಣಿಗೆಯಲ್ಲಿ ಕೇಳಿ. ಗ್ಯಾರಂಟಿ ಎಂದರೆ ಕೆಲಸವಾ, ಇಂಟರ್‌ವ್ಯೂಗೆ ಕಳಿಸುವುದಾ? ಮಧ್ಯೆ ಬಿಟ್ಟರೆ ಎಷ್ಟು ವಾಪಸ್? ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಎಷ್ಟು ಗಂಟೆ? ಒಂದು ವಾರ ಸುಮ್ನೆ ಕೂತು ನೋಡಬಹುದಾ? ಬಿ.ಕಾಂ. ಓದಿದ ಹಳೇ ವಿದ್ಯಾರ್ಥಿಗಳಿಬ್ಬರ ಜೊತೆ ನೀವೇ ಫೋನಿನಲ್ಲಿ ಮಾತಾಡಿ, ಇನ್‌ಸ್ಟಿಟ್ಯೂಟಿನವರು ತೋರಿಸುವ ಫೋಟೋ ನಂಬಬೇಡಿ. ದಿನಾ ಬೆಂಗಳೂರಿಗೆ ಹೋಗಿಬರುವುದಾದರೆ ಬಸ್ಸಿನಲ್ಲಿ ಕಳೆಯುವ ಗಂಟೆಗಳು, ಪಿ.ಜಿ.ಯಲ್ಲಿ ಇರುವುದಾದರೆ ಅದರ ಖರ್ಚು, ಅದನ್ನೂ 45,000ಕ್ಕೆ ಸೇರಿಸಿ ನೋಡಿ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಕಲಿಯಿರಿ, ಆದರೆ ಈಗಲೇ ದುಡ್ಡು ಕಟ್ಟಬೇಡಿ. ಮೂರು ತಿಂಗಳು ಫೋನಿನಲ್ಲೇ ನೋಡಿ. ಇಷ್ಟ ಆಗಿ, ಇನ್ನೂ ಬೇಕೆನಿಸಿದರೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಆ ದುಡ್ಡಿನ ಅರ್ಧ ಸಾಕು. ಇಷ್ಟ ಆಗದಿದ್ದರೆ ಎಕ್ಸೆಲ್ ಕಡೆ ತಿರುಗಿ, ಕಲಿತದ್ದು ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಅಪ್ಪನ ಹತ್ತಿರ ಈ ತಿಂಗಳು ದುಡ್ಡು ಕೇಳುವ ಬದಲು ಹೋದ ಬೆಳೆಯ ಮಂಡಿ ಚೀಟಿಗಳನ್ನು ಕೇಳಿ. ತಾರೀಖು, ಬಾಕ್ಸ್, ಬೆಲೆ, ಬಾಡಿಗೆ ಎಂದು ನಾಲ್ಕು ಕಾಲಂ ಮಾಡಿ ಮೊದಲು ಎಕ್ಸೆಲ್‌ನಲ್ಲಿ ಹಾಕಿ, ಆಮೇಲೆ ಅದೇ ಲೆಕ್ಕವನ್ನು ಪೈಥಾನ್‌ನಲ್ಲಿ ಮಾಡಿ. ಎರಡರ ಮೊತ್ತ ಒಂದೇ ಬರಬೇಕು. ಬರದಿದ್ದರೆ ಯಾವ ಚೀಟಿಯಿಂದ ತಪ್ಪಿತು ಎಂದು ಕೈಯಲ್ಲಿ ಹುಡುಕಿ. ನಾಲ್ಕೈದು ಚೀಟಿ ಕಳೆದುಹೋಗಿರುತ್ತವೆ, ಪರವಾಗಿಲ್ಲ, ಸಿಕ್ಕಷ್ಟಕ್ಕೆ ಮಾಡಿ.